ಕೆಂಪು ದಾರದ ಮರಿಗಳು, ನೀಲಿ ದಾರದ ಮರಿಗಳು

ಕುರಿಮರಿ ಕೊಳ್ಳಲು ಹೊರಟವರಿಗೆ ನನ್ನದು ಒಂದೇ ಬುದ್ಧಿಮಾತು: ಹಲ್ಲು ಆಮೇಲೆ ನೋಡಿ, ಮೊದಲು ಬಾಲ ಎತ್ತಿ. ಬಾಲದ ಬುಡದಲ್ಲಿ ಉಣ್ಣೆ ಅಂಟಂಟಾಗಿ ಗಂಟುಕಟ್ಟಿದ್ದರೆ, ಹಳದಿ ಕಲೆ ತೊಡೆಯವರೆಗೆ ಇಳಿದಿದ್ದರೆ, ಮಾರುವವನು ಸ್ವಂತ ಸೋದರಮಾವನೇ ಆಗಿರಲಿ, ಟವೆಲ್ಲಿನ ಕೆಳಗಿಂದ ಬೆರಳು ಬಿಡಿಸಿಕೊಂಡು ಮುಂದೆ ನಡೆಯಿರಿ. ನಮ್ಮ ಕಡೆ ಕುರಿಯ ದರ ಬಾಯಲ್ಲಿ ಕುದುರುವುದಿಲ್ಲ. ಇಬ್ಬರ ಕೈಮೇಲೆ ಒಂದು ಟವೆಲ್ ಹಾಸಿ, ಒಳಗೆ ಬೆರಳು ಒತ್ತಿ ಹೇಳುತ್ತಾರೆ. ಎಷ್ಟೋ ಜನರ ಬೆವರು, ನಶ್ಯ, ಕುರಿಯ ಜಿಡ್ಡು ಕುಡಿದ ಆ ಟವೆಲ್ಲಿನೊಳಗೆ ಕೈ ಹಾಕುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇಷ್ಟು ಹೇಸಿಗೆಪಡುವವನು ಈ ಕುರಿ ದಲ್ಲಾಳಿ ವ್ಯಾಪಾರಕ್ಕೆ ಯಾಕೆ ಬಿದ್ದೆ ಎಂದು ಕೇಳಬಹುದು. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ಕಂಬಳಿ. ಹೇಸಿಕೊಂಡು ಮೂಲೆಯಲ್ಲಿ ಕೂತರೆ ರೊಟ್ಟಿ ಯಾರು ತಟ್ಟಿ ಕೊಡುತ್ತಾರೆ? ಆಮೇಲಾಮೇಲೆ ಹೇಸಿಕೆಯೇ ನನ್ನ ಬಂಡವಾಳವಾಯಿತು. ಸುರಪುರದ ಸಂತೆಯಲ್ಲಿ, ಯಾದಗಿರಿಯ ಸಂತೆಯಲ್ಲಿ ಉಳಿದವರು ಮೈ ತಡವಿ ಖುಷಿಪಡುವ ಮರಿಯನ್ನು ನಾನು ಮೂಗು ಹಿಂಡಿಕೊಂಡು ಹಿಂದಿನಿಂದ ನೋಡುತ್ತಿದ್ದೆ. ಚೆಂದಕ್ಕೆ ಮರುಳಾಗುವವನು ವ್ಯಾಪಾರದಲ್ಲಿ ಮುಳುಗುತ್ತಾನೆ. ಅಸಹ್ಯಪಡುವವನು ದಡದಲ್ಲಿ ಉಳಿಯುತ್ತಾನೆ.

ಈಗ ಹೇಳಹೊರಟಿರುವುದು ಶಹಾಪುರದ ಕಡೆ ಕಾಲುವೆ ಬಂದು ಗದ್ದೆಗಳೆದ್ದ ಮೇಲಿನ ಮಾತು. ಕಾಲುವೆ ಬರುವ ಮುಂಚೆ ನಮ್ಮ ಕುರಿಗಳು ಒಣ ನೆಲದ ಕಡ್ಡಿ ಮೇದು, ಹಳ್ಳದ ನೀರು ಕುಡಿದು, ಕಪ್ಪು ಗುಂಡಿಯಂಥ ಹಿಕ್ಕೆ ಹಾಕುತ್ತಿದ್ದವು. ಅದನ್ನು ಕೈಯಲ್ಲಿ ಹಿಡಿದರೂ ಹೇಸಿಗೆ ಎನಿಸುತ್ತಿರಲಿಲ್ಲ. ಕಾಲುವೆ ಬಂತು. ವರ್ಷವಿಡೀ ನೀರು, ವರ್ಷವಿಡೀ ಹಸಿರು. ಕುರಿ ಮೇಯುತ್ತಿದ್ದ ಬೀಳು ನೆಲವೆಲ್ಲ ಭತ್ತದ ಮಡಿಗಳಾದವು. ಕುರಿಗಳಿಗೆ ಉಳಿದದ್ದು ಕಾಲುವೆಯ ಏರಿ ಮಾತ್ರ. ಆ ಏರಿಯಾದರೂ ಹೇಗಿತ್ತು? ಮುಂಜಾನೆ ತಂಬಿಗೆ ಹಿಡಿದ ಜನ ಸಾಲಾಗಿ ಕೂರುವುದು ಅಲ್ಲೇ, ಎಮ್ಮೆ ತೊಳೆಯುವುದು ಅಲ್ಲೇ, ಬೆಳೆಗೆ ಕ್ರಿಮಿನಾಶಕ ಎಣ್ಣೆ ಹೊಡೆದ ಪಂಪಿನ ಡಬ್ಬಿ ಜಾಲಾಡುವುದೂ ಅಲ್ಲೇ. ಅಲ್ಲಿಂದ ಒಂದು ಕೂಗಿನಷ್ಟು ದೂರದಲ್ಲಿ ಕೊಡ ತುಂಬುವ ಹೆಣ್ಣುಮಕ್ಕಳು. ಬೇಡ ಎಂದರೆ, "ಹರಿಯೋ ನೀರಿಗೆ ಎಲ್ಲೀ ಮೈಲಿಗಿ ಕಾಕಾ?" ಎಂದು ನಗುತ್ತಿದ್ದರು. ಹರಿಯುವ ನೀರು ಮೇಲಿನ ಊರಿನ ಹೊಲಸನ್ನು ಹೊತ್ತುಕೊಂಡೇ ಹರಿಯುತ್ತದೆ ಎಂಬ ಸಣ್ಣ ಲೆಕ್ಕ ಅವರಿಗೆ ತಿಳಿಯುತ್ತಿರಲಿಲ್ಲ. ನೀವಾದರೂ ಕೇಳಿ: ನೀರು ಕಾಯಿಸದೆ ಕುಡಿಯಬೇಡಿ, ನೀರು ಎಷ್ಟೇ ತಿಳಿಯಾಗಿರಲಿ.

ಮರಿಗಳಿಗೆ ಜುಲಾಬು ಹತ್ತಿದ್ದು ಆಗ. ನನ್ನ ಅಕ್ಕನನ್ನು ಕೊಟ್ಟಿದ್ದು ವನದುರ್ಗದ ಕೋಟೆಯ ಕೆಳಗಿನ ಒಂದು ಮನೆಗೆ. ಭಾವ ಹಗಲೆಲ್ಲ ಕುರಿ ಹೊಡೆದುಕೊಂಡು ಅಡವಿ ತಿರುಗಿ ಸಂಜೆಗೆ ಮರಳುತ್ತಿದ್ದ. ಎಳೆಯ ಮರಿಗಳನ್ನು ಬಲೆಯ ದೊಡ್ಡಿಯಲ್ಲಿ ಇಟ್ಟುಕೊಂಡು ಸಾಕುವುದು ಅಕ್ಕನ ಪಾಲು. ಹಿಂದಿನ ವರ್ಷ ಹುಟ್ಟಿದ ಮರಿಗಳಲ್ಲಿ ಅರ್ಧಕ್ಕರ್ಧ ಹೇತು ಹೇತೇ ಸತ್ತಿದ್ದವು. ಈ ಸಲದವೂ ಹೀಗೇ ಹೋದರೆ ಹಿಂಡಿನಲ್ಲಿ ಮುದಿ ಕುರಿಗಳಷ್ಟೇ ಉಳಿದು, ಎರಡು ವರ್ಷದಲ್ಲಿ ಹಿಂಡೇ ಇರುವುದಿಲ್ಲ ಎಂಬುದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಜಾಲಿಯ ತೊಗಟೆ, ದಾಳಿಂಬೆಯ ಸಿಪ್ಪೆ ಕುದಿಸಿ, ಬಿದಿರಿನ ಗೊಟ್ಟದಲ್ಲಿ ಮರಿಗಳ ಗಂಟಲಿಗೆ ಸುರಿಯುತ್ತಿದ್ದಳು. ಕೆಲವು ಉಳಿಯುತ್ತಿದ್ದವು, ಕೆಲವು ಉಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಶಹಾಪುರದ ದನದ ಡಾಕ್ಟರು ಒಬ್ಬ ಹುಡುಗಿಯನ್ನು ನನ್ನ ಹತ್ತಿರ ಕಳಿಸಿದರು. ಪಶುವೈದ್ಯ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದವಳು, ಮೈಸೂರು ಕಡೆಯ ಮಾತು. ಗಿಡಮೂಲಿಕೆಗಳ ಸತ್ವ ತೆಗೆದು ಮರಿಗಳ ಭೇದಿಗೆ ಕೊಟ್ಟು ನೋಡುವುದು ಅವಳ ಕೆಲಸ. ಭೇದಿ ಇರುವ ಒಂದು ಹಿಂಡು ಬೇಕಾಗಿತ್ತು. ಹಿಂಡುಗಳ ಜಾತಕ ನನ್ನ ಬಳಿ ಇರುತ್ತದಲ್ಲ.

ನಾನು ಸುಮ್ಮನೆ ಹೂಂ ಎನ್ನುವ ಕುಳವಲ್ಲ. ಅಕ್ಕನ ಹಿಂಡು ತೋರಿಸುತ್ತೇನೆ, ಆದರೆ ಇಡೀ ಹಿಂಡಿಗೆ ಜಂತಿನ ಔಷಧಿ, ಲಸಿಕೆ ಕಾಲೇಜಿನ ಕಡೆಯಿಂದಲೇ ಆಗಬೇಕು ಎಂದೆ. ಒಪ್ಪಿದಳು. ಅಕ್ಕ ಕುದಿಸುವ ಜಾಲಿಯ ತೊಗಟೆ ಕೆಲಸಕ್ಕೆ ಬಂದರೆ ಮುಂದೆ ನಮ್ಮ ಕಡೆಯ ಜಾಲಿಯನ್ನೇ ಕೊಳ್ಳಬೇಕು ಎಂದೆ. ಅವಳು ನಕ್ಕಳು.

"ಅದು ನನ್ನ ಕೈಯಲ್ಲಿಲ್ಲ, ಅಂಕಲ್."

"ಇರಲಿ, ಮಾತು ಕಿವಿಮ್ಯಾಲ ಹಾಕ್ಕೊಂಡಿರ್ರಿ."

ಅವಳು ಅಕ್ಕನ ಜಾಲಿ ತೊಗಟೆಯನ್ನು ಒಯ್ದು, ಒಣಗಿಸಿ, ಪುಡಿಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಇಂಗಿಸಿ, ಡಾಂಬರಿನಂಥ ಕರಿ ಅಂಟು ಮಾಡಿ ಸೀಸೆಯಲ್ಲಿ ತಂದಳು. ಮುಚ್ಚಳ ತೆಗೆದರೆ ಚರ್ಮ ಹದಮಾಡುವ ಗುಂಡಿಯ ವಾಸನೆ. ಅಕ್ಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ನನ್ನ ಕಷಾಯಾನ ಗೋಂದು ಮಾಡಿ ತಂದೀಯಲ್ಲ ತಂಗಿ, ಪತ್ರ ಅಂಟಸಾಕೇನು?" ಎಂದಳು.

ಜುಲಾಬು ಹತ್ತಿದ ಮರಿಗಳನ್ನು ಆರಿಸಿ ಎರಡು ಪಾಲು ಮಾಡಿದರು. ಒಂದು ಪಾಲಿನ ಕೊರಳಿಗೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ. ಕೆಂಪು ದಾರದವಕ್ಕೆ ಮುಂಜಾನೆ, ಸಂಜೆ ಜಾಲಿಯ ಸತ್ವ. ನೀಲಿಯವಕ್ಕೆ ಕಾಯಿಸಿ ಆರಿಸಿದ ಬರೀ ನೀರು. ಮುಂಜಾನೆಯದನ್ನು ಹುಡುಗಿಯೇ ಕುಡಿಸುತ್ತಿದ್ದಳು. ಸಂಜೆ ಶಹಾಪುರದ ಬಸ್ಸು ಹಿಡಿಯಬೇಕಾದ್ದರಿಂದ ಆ ಹೊತ್ತಿನದು ಅಕ್ಕನ ಕೈಗೆ ಬಿತ್ತು.

ಆಮೇಲೆ ಶುರುವಾಯಿತು ನೋಡಿ, ನನ್ನ ಜನ್ಮದಲ್ಲಿ ಕಂಡರಿಯದ ಹೊಲಸು. ಪ್ರತಿ ಮರಿಯ ಬಾಲದ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದಳು. ಚೀಲ ತುಂಬಿದಂತೆ ಬಿಚ್ಚಿ ತೂಗುವುದು, ಕಡ್ಡಿಯಿಂದ ಕಲಕಿ ನೋಡುವುದು, ತಗಡಿನ ಮೇಲೆ ಹರವಿ ಬಿಸಿಲಿಗೆ ಒಣಗಿಸಿ ಮತ್ತೆ ತೂಗುವುದು. ನೊಣಗಳು ಯಾದಗಿರಿಯಿಂದಲೂ ಬಂದಿರಬೇಕು. ತಗಡಿನ ಮೇಲೆ ಕೂತದ್ದು ಎದ್ದು ನೇರ ನನ್ನ ಚಹಾದ ಬಸಿಯ ಅಂಚಿಗೆ ಬರುತ್ತಿತ್ತು. ಆ ಚಹಾ ನಾನು ನೆಲಕ್ಕೆ ಚೆಲ್ಲುತ್ತಿದ್ದೆ. ಹುಡುಗಿ ಒಂದು ಕೈಯಿಂದ ನೊಣ ಓಡಿಸಿ, ಇನ್ನೊಂದು ಕೈಯಿಂದ ಲೋಟ ಎತ್ತಿ ಕುಡಿದುಬಿಡುತ್ತಿದ್ದಳು.

"ಯವ್ವಾ, ನಿನಗ ಹೇಸಿಕಿ ಬರಂಗಿಲ್ಲೇನು?" ಎಂದು ಅಕ್ಕ ಕೇಳಿದಳು.

"ಬರುತ್ತೆ ಅಮ್ಮ. ರಾತ್ರಿ ಊಟ ಮಾಡುವಾಗ ಬರುತ್ತೆ."

"ನಮ್ಮ ತಮ್ಮಗ ನೋಡು, ಮುಂಜಾನಿಂದಾನ ಬರ್ತದ. ಗಂಡಸಾಗಿ ಮೂಗಿಗಿ ವಸ್ತ್ರ ಕಟ್ಕೊಂಡು ಕುಂತಾನ, ಮದುಮಗಳಂಗ."

ಒಂದು ದಿನ ಒಣಗಿಸಿದ ಮಾದರಿಗಳನ್ನು ಶಹಾಪುರಕ್ಕೆ ಮುಟ್ಟಿಸುವ ಕೆಲಸ ನನ್ನ ತಲೆಗೆ ಬಿತ್ತು. ಹುಡುಗಿ ಅವನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ತುಂಬಿಕೊಟ್ಟಿದ್ದಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಡಬ್ಬಿಯನ್ನೇ ನೋಡುತ್ತಿದ್ದ.

"ಏನ್ರಿ ಸಾವಕಾರ್ರ, ಡಬ್ಬ್ಯಾಗ ರೊಟ್ಟಿಗಿ ಹಚ್ಕೊಳ್ಳೂ ಗುರೆಳ್ಳ ಹಿಂಡಿ ಏನ್ರಿ?"

"ಅಲ್ರಿ. ಕುರಿ ಹೇಲು."

"ಚಾಷ್ಟಿ ಮಾಡಬ್ಯಾಡ್ರಿ. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅನ್ರಿ."

ಅವನು ಮುಖ ತಿರುಗಿಸಿ ಕೂತ. ನಾನು ಆ ಡಬ್ಬಿಯನ್ನು ತೊಡೆಯಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದೇ ಶಹಾಪುರ ಮುಟ್ಟಿದೆ. ಅದಾದ ಮೇಲೆ ಇವತ್ತಿನವರೆಗೂ ನಾನು ಟಿಫಿನ್ ಡಬ್ಬಿಯಲ್ಲಿ ಉಂಡವನಲ್ಲ. ಸಂತೆಗೆ ಹೋದರೆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತೇನೆ.

ಇಷ್ಟೆಲ್ಲ ಸಹಿಸಿದ್ದು ಮರಿಗಳಿಗಾಗಿ. ಮರಿಗಳೂ ಸುಧಾರಿಸುತ್ತ ಬಂದವು. ಕೆಂಪು ದಾರದವೂ ಸುಧಾರಿಸಿದವು, ನೀಲಿ ದಾರದವೂ ಸುಧಾರಿಸಿದವು. ಅಕ್ಕ ಖುಷಿಯಾಗಿದ್ದಳು. ಹುಡುಗಿಯ ಮುಖ ಮಾತ್ರ ದಿನದಿನಕ್ಕೆ ಬಾಡುತ್ತಿತ್ತು. ನನಗೆ ಸಿಟ್ಟು ಬಂತು. ಮರಿ ಬದುಕಿದರೆ ಮುಖ ಬಾಡಿಸುವ ಡಾಕ್ಟರನ್ನು ಎಲ್ಲಾದರೂ ಕಂಡಿದ್ದೀರಾ?

"ಎರಡೂ ಒಂದೇ ಥರ ಸುಧಾರಿಸಿದರೆ ಔಷಧಿಗೂ ನೀರಿಗೂ ವ್ಯತ್ಯಾಸವೇ ಇಲ್ಲ ಅಂತಾಯ್ತು, ಅಂಕಲ್. ಜಾಲಿ ಕೆಲಸಕ್ಕೆ ಬಾರದ್ದು ಅಂತ ಬರೀಬೇಕು."

ಹಾಗೆನ್ನುತ್ತಲೇ ಅವಳು ಒಂದು ನೀಲಿ ದಾರದ ಮರಿಯ ಚೀಲ ಬಿಚ್ಚಿ ನೋಡಿದಳು. ಹೇಲು ಕಪ್ಪಗಿತ್ತು. ಹಾಲು ಕುಡಿಯುವ ಮರಿಯ ಹೇಲು ಹಳದಿ, ಜಾಲಿ ಕುಡಿದ ಮರಿಯದಷ್ಟೇ ಹಾಗೆ ಕಪ್ಪಾಗುವುದು. ಮರಿಯ ತುಟಿ ಬಿಡಿಸಿದಳು. ಒಸಡಿನ ಅಂಚಿಗೆ ಎಲೆಅಡಿಕೆ ತಿಂದವರ ಬಾಯಂತೆ ಕೆಂಗಂದು ಕಲೆ. ಇನ್ನೊಂದನ್ನು ಹಿಡಿದು ನೋಡಿದಳು. ಅದರದೂ ಹಾಗೇ.

"ಅಮ್ಮಾ, ನೀಲಿ ದಾರದವಕ್ಕೆ ಸಂಜೆ ಏನು ಕುಡಿಸ್ತಿದ್ದೀರಿ?"

ಅಕ್ಕ ಮುಚ್ಚಿಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ನನ್ನ ಕಷಾಯ. ನಿನ್ನ ಗೋಂದಿಗಿ ನಾ ಕೈ ಹಚ್ಚಿಲ್ಲ. ಅದು ಕೆಂಪ ದಾರದವಕ್ಕ ಅಂದಿದ್ದಿ, ಅವಕ್ಕ ಕೊಟ್ಟೀನಿ."

"ಬರೀ ನೀರು ಕೊಡಿ ಅಂದಿದ್ನಲ್ಲ!"

"ಅಲ್ಲ ತಂಗಿ, ಪಂಗತಿಯಾಗ ಕುಂದರಿಸಿ ಒಬ್ಬಗ ಬಡಿಸಿ, ಬಾಜೂಕಿನವಗ ಬರೇ ನೀರು ಕೊಟ್ಟು ಏಳಸ್ತಾರೇನು ನಿಮ್ಮ ಕಡಿ? ನಮ್ಮ ಕಡಿ ಹಂಗ ಮಾಡಿದ್ರ ಉಂಡವನ ಹೊಟ್ಟಿಗೀ ಅದು ವಿಷ. ಎರಡೂ ಒಂದ ದೊಡ್ಡ್ಯಾಗ ಅದಾವ. ಇದು ಕುಡಿಯೂದು ಅದು ನೋಡ್ತದ. ನನ್ನ ಕೈಲಿ ಆಗಂಗಿಲ್ಲವ್ವ."

ನಮ್ಮಲ್ಲಿ ಮದುವೆಯಿರಲಿ, ತಿಥಿಯಿರಲಿ, ಒಂದು ಸಾಲಿನಲ್ಲಿ ಕೂತವರ ಎಲೆಗೆ ಬಡಿಸುವಾಗ ಹೆಚ್ಚುಕಡಿಮೆ ಮಾಡಿದರೆ ಊಟ ಬಿಟ್ಟು ಎದ್ದುಹೋಗುತ್ತಾರೆ. ಅದರ ಮೇಲೆ ಹೊಡೆದಾಟಗಳೇ ಆಗಿವೆ. ಅಕ್ಕ ಅದನ್ನು ಕುರಿದೊಡ್ಡಿಯವರೆಗೂ ಎಳೆದು ತಂದಿದ್ದಳು. ಹುಡುಗಿ ತಲೆಯ ಮೇಲೆ ಕೈ ಹೊತ್ತು ಕಲ್ಲಿನ ಮೇಲೆ ಕೂತಳು. ಅಷ್ಟು ದಿನ ತೂಗಿದ, ಒಣಗಿಸಿದ, ಕಲಕಿದ ಆ ಹೊಲಸೆಲ್ಲ ವ್ಯರ್ಥ. ನನಗಂತೂ ಎರಡು ಕಡೆಯೂ ಅಸಹ್ಯವಾಯಿತು. ಇವಳು ನೋಡಿದರೆ ಕಾಯಿಲೆಯ ಮರಿಗೆ ಬರೀ ನೀರು ಕೊಟ್ಟು ಸಾಯುತ್ತದೋ ಇಲ್ಲವೋ ಎಂದು ಕಾಯುವವಳು. ಅವಳು ನೋಡಿದರೆ ಮರಿಗಳಿಗೆ ಎಲೆ ಹಾಕಿ ಬಡಿಸುವವಳು.

ಜಗಳ ಬಿದ್ದಲ್ಲಿ ಮಧ್ಯದ ದರ ಹುಡುಕುವುದು ನನ್ನ ಕಸುಬು. "ಮೇಡಂ, ನೀಲಿ ಪಾಲಿಗೂ ಏನಾರ ಒಂದು ಔಷಧ ಕೊಡ್ರಿ. ದವಾಖಾನ್ಯಾಗ ಏನ್ ಕೊಡ್ತಾರ ಅದನ್ನ. ಆಗ ನಿಮ್ಮ ತಕ್ಕಡಿನೂ ಉಳೀತದ, ಅಕ್ಕನ ಪಂಗತಿನೂ ಉಳೀತದ. ಒಬ್ಬಗ ಹೋಳಿಗಿ, ಒಬ್ಬಗ ಕಡಬು. ಏನಂತೀಯಕ್ಕಾ?"

"ಕಡಬಾದ್ರ ಆಗ್ಲಿ. ಬರೇ ನೀರು ಬ್ಯಾಡ," ಎಂದಳು ಅಕ್ಕ.

ಹುಡುಗಿ ಕಾಯಿಸಿದ ನೀರಿಗೆ ಉಪ್ಪು, ಸಕ್ಕರೆ, ಸೋಡಾ ಹಾಕಿ ಕಲಸಿ, ನೀಲಿಯವಕ್ಕೆ ಅದು ಎಂದು ಗೊತ್ತುಮಾಡಿದಳು. ಅಷ್ಟರಲ್ಲಿ ಭಾವನ ಹಿಂಡಿನಿಂದ ಹೊಸ ಮರಿಗಳು ಬಂದಿದ್ದವು. ಅವಕ್ಕೂ ಜುಲಾಬು, ಹಿಂದಿನವಕ್ಕಿಂತ ಜೋರು. ಹಳೆಯ ಮರಿಗಳನ್ನು ಬೇರೆ ಮಾಡಿ, ಹೊಸವಕ್ಕೆ ದಾರ ಕಟ್ಟಿ ಮತ್ತೆ ಮೊದಲಿನಿಂದ ಶುರು. ಮತ್ತೆ ಚೀಲ, ಮತ್ತೆ ತಗಡು, ಮತ್ತೆ ನೊಣ. ಈ ಸಲ ಹುಡುಗಿ ಹೇಳಿದ್ದು ಬಿಟ್ಟು ಅಕ್ಕ ಒಂದು ತೊಟ್ಟೂ ಆಚೀಚೆ ಮಾಡಲಿಲ್ಲ.

ಜಾಲಿ ಗೆಲ್ಲತೊಡಗಿತು. ಕೆಂಪು ದಾರದವುಗಳ ಬಾಲ ಬೇಗ ಒಣಗಿತು. ಚೀಲಗಳು ಹಗುರಾದವು. ನೀಲಿಯವು ಇನ್ನೂ ತೆಳ್ಳಗೆ ಹರಿಸುತ್ತಲೇ ಇದ್ದವು, ನಾರುತ್ತಲೇ ಇದ್ದವು. ನಾನು ಮನಸ್ಸಿನಲ್ಲೇ ಟವೆಲ್ ಹಾಸಿ ಕಾಲೇಜಿನವರ ಬೆರಳು ಹಿಡಿದಿದ್ದೆ. ಏರಿಯ ಮೇಲಿನ ಜಾಲಿಗಿಡಗಳೆಲ್ಲ ನನಗೆ ಎದ್ದು ನಿಂತ ಗಿರಾಕಿಗಳಂತೆ ಕಂಡವು.

ಆದರೆ ಒಂದು ಮುಂಜಾನೆ ಕೆಂಪು ದಾರದ ಮರಿಯೊಂದು ಏಳಲಿಲ್ಲ. ಬಾಲ ಎತ್ತಿ ನೋಡಿದೆ, ಬೆಂಡಿನಷ್ಟು ಒಣ. ಚೀಲ ಖಾಲಿ. ಕಣ್ಣು ಗುಳಿಬಿದ್ದು ಒಳಗೆ ಹೋಗಿದ್ದವು. ಹುಡುಗಿ ಕುತ್ತಿಗೆಯ ಚರ್ಮ ಎಳೆದು ಬಿಟ್ಟರೆ ಅದು ಎತ್ತಿದಂತೆಯೇ ನಿಂತಿತು, ಮಡಿಸಿಟ್ಟ ಬಟ್ಟೆಯ ಹಾಗೆ. ಬಿಸಿಲೇರುವಷ್ಟರಲ್ಲಿ ಸತ್ತಿತು.

ಅವಳು ಗೋಣಿಚೀಲ ಹಾಸಿ, ಕೈಗೆ ರಬ್ಬರ್ ಹಾಕಿಕೊಂಡು ಅದನ್ನು ಸೀಳಿದಳು. ನಾನು ನೋಡಬಾರದಿತ್ತು. ಕರುಳು ಬಿಗಿದ ಬುಗ್ಗೆಯಂತೆ ಉಬ್ಬಿದ್ದವು. ಚಾಕು ತಾಗಿಸಿದ್ದೇ ತಡ, ಅದೇ ಹಳದಿ ನೀರು, ಅದೇ ನಾತ, ಗೋಣಿ ತೊಯ್ದು ನನ್ನ ಚಪ್ಪಲಿಯವರೆಗೆ ಹರಿಯಿತು. ಜಾಲಿ ಬಾಗಿಲು ಹಾಕಿತ್ತು, ಒಳಗೆ ಮನೆ ಕೊಳೆತಿತ್ತು.

ಸಂತೆಗೆ ಜುಲಾಬಿನ ಮರಿ ತರುವ ಕಳ್ಳರು ನಸುಕಿನಲ್ಲೇ ಜಾಲಿ ಅರೆದು ಕುಡಿಸಿ ತರುತ್ತಾರೆ. ಕೊಂಡವನು ಮನೆ ಮುಟ್ಟುವವರೆಗೂ ಬಾಲ ಒಣಗಿರುತ್ತದೆ. ಮರುದಿನ ಮರಿ ಕಾಲು ಚಾಚುತ್ತದೆ. ಆ ಮೋಸವನ್ನು ನಾನು ಎಷ್ಟೋ ಸಲ ಮೂಸಿ ಹಿಡಿದಿದ್ದೆ. ಅದು ಬರೀ ಮೋಸ ಎಂದುಕೊಂಡಿದ್ದೆ, ಜಾಲಿಯೇ ಮರಿಯನ್ನು ಕೊಲ್ಲುತ್ತದೆ ಎಂದು ಹೊಳೆದಿರಲಿಲ್ಲ. ಹೊರಗೆ ನಿಂತದ್ದು ಒಳಗೂ ನಿಂತಿದೆ ಎಂದು ಮರಿಯ ಹೊಟ್ಟೆ ಒಪ್ಪಬೇಕಲ್ಲ.

ಹುಡುಗಿ ದೊಡ್ಡಿಯ ಕಡೆ ತಿರುಗಿದಳು. ನೀಲಿ ದಾರದವು ಹಿಂಭಾಗವೆಲ್ಲ ಮೆತ್ತಿಕೊಂಡು ಅಸಹ್ಯವಾಗಿದ್ದವು, ಆದರೆ ನಿಂತಿದ್ದವು. ಒಂದನ್ನೊಂದು ಗುದ್ದುತ್ತಿದ್ದವು. ಕೆಂಪು ದಾರದವು ಸ್ವಚ್ಛವಾಗಿ ಮೂಲೆಯಲ್ಲಿ ಮಲಗಿದ್ದವು.

"ತಂಗಿ, ಇನ್ನ ಎಷ್ಟು ನೋಡ್ತಿ?" ಎಂದಳು ಅಕ್ಕ. "ಇವೂ ಹೋದ್ರ ನನ್ನ ಹಿಂಡು ಮುಗೀತು."

ಹುಡುಗಿಗೆ ಒಂದು ಕಷ್ಟವಿತ್ತು. ಎರಡು ಪಾಲನ್ನೂ ಬೇರೆ ಬೇರೆಯಾಗಿ ಕೊನೆಯವರೆಗೆ ಒಯ್ದರೆ ಮಾತ್ರ ಅವಳ ಪರೀಕ್ಷೆ ಪರೀಕ್ಷೆ. ಒಮ್ಮೆ ಈಗಾಗಲೇ ಕೆಟ್ಟಿತ್ತು. ಕಾಲೇಜಿನಲ್ಲಿ ಅವಳ ಮೇಲಿನವರು ಎರಡನೆಯ ಸಲ ಕ್ಷಮಿಸುವವರಲ್ಲವಂತೆ. ಅವಳು ರಬ್ಬರಿನ ಕೈಗಳನ್ನು ಕಳಚಿ ಗೋಣಿಯ ಮೇಲೆ ಹಾಕಿದಳು. ಆಮೇಲೆ, "ಗೊಟ್ಟ ಕೊಡಿ ಅಮ್ಮ. ಉಪ್ಪುನೀರು ಎಲ್ಲಕ್ಕೂ ಹಾಕೋಣ. ಸೀಸೆ ಆಚೆ ಇಡಿ," ಎಂದಳು. ಅವಳ ಪರೀಕ್ಷೆ ಆ ವರ್ಷ ಅಲ್ಲಿಗೇ ನಿಂತಿತು.

ಕೈ ಸಾಲದೆ ನನಗೂ ಒಂದು ಮರಿಯನ್ನು ತಂದು ತೊಡೆಯ ಮೇಲೆ ಹಾಕಿದರು. ಕಾಲು ತಣ್ಣಗೆ, ಕುತ್ತಿಗೆ ದಾರ ಕಿತ್ತ ಗೊಂಬೆಯಂತೆ ಜೋತುಬಿದ್ದಿತ್ತು. ನಾನು ಅವತ್ತು ಮಧ್ಯಾಹ್ನ ಸುರಪುರದಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗಬೇಕಾಗಿದ್ದವನು. ಬಿಳಿ ಧೋತರ, ಇಸ್ತ್ರಿಯದು. ಸ್ವಲ್ಪ ಸ್ವಲ್ಪವೇ, ಗಂಟಲಿಗೆ ಸಿಕ್ಕದಂತೆ, ಬಾಯಿ ಓರೆ ಹಿಡಿದು ಕುಡಿಸಬೇಕು ಎಂದಳು ಹುಡುಗಿ. ಕುಡಿಸಿದೆ. ಮತ್ತೆ ಕುಡಿಸಿದೆ. ಬಿಸಿಲು ಇಳಿಯಿತು, ನಿಶ್ಚಿತಾರ್ಥ ನನ್ನನ್ನು ಬಿಟ್ಟು ಮುಗಿದಿರಬೇಕು. ಒಮ್ಮೆ ಮರಿಯ ನಾಲಿಗೆ ತಾನಾಗಿಯೇ ಗೊಟ್ಟದ ತುದಿ ನೆಕ್ಕಿತು.

ಆಮೇಲೆ ಅದರ ಹೊಟ್ಟೆಯೊಳಗೆ ಗುಳುಗುಳು ಸದ್ದಾಯಿತು. ನನಗೆ ತಿಳಿಯುವಷ್ಟರಲ್ಲಿ ಬೆಚ್ಚಗೆ, ತೆಳ್ಳಗೆ, ಇಷ್ಟು ದಿನ ಒಳಗೆ ಕೊಳೆತದ್ದೆಲ್ಲ ನನ್ನ ತೊಡೆಯ ಮೇಲೆ ಹರಿದು, ಧೋತರದ ನಿರಿಗೆಗಳ ಸಂದಿಗೆ ಇಳಿದು, ಮೊಣಕಾಲಿನಿಂದ ತೊಟ್ಟಿಕ್ಕಿತು.

"ಏ! ಏ! ತಗೀರಿ ಇದನ್ನ!" ಎಂದು ಕೂಗಿದೆ.

"ಅಲ್ಲಾಡಬೇಡಿ ಅಂಕಲ್," ಎಂದಳು ಹುಡುಗಿ, ಹತ್ತಿರ ಬಂದು ಬಗ್ಗಿ ನೋಡುತ್ತ. "ಇನ್ನೂ ಬರ್ತಿದೆ. ಬರಲಿ."

ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು. "ಹೇತಿತಂದ್ರ ಉಳೀತು ತಮ್ಮಾ! ಬಿಡು, ಧೋತ್ರ ನಾ ಒಕ್ಕೊಡ್ತೀನಿ."

ಮರಿ ನನ್ನ ತೊಡೆಯ ಮೇಲೆಯೇ ಕಾಲು ಊರಿ, ಜಾರಿ, ಮತ್ತೆ ಊರಿ ಎದ್ದಿತು. ನೆಲಕ್ಕೆ ಧುಮುಕಿ, ಮೇವಿನಿಂದ ಮರಳಿ ಬಲೆಯ ಆಚೆ ಒದರುತ್ತಿದ್ದ ತಾಯಿಯ ಕಡೆ ಓಲಾಡುತ್ತ ನಡೆಯಿತು. ಅಕ್ಕ ಬಲೆ ಎತ್ತಿದಳು. ಅದು ಕೆಚ್ಚಲಿಗೆ ಬಾಯಿ ಹಾಕಿದ್ದನ್ನು ಕಂಡೆ, ಬಾಲ ಅಲ್ಲಾಡಿಸಿದ್ದನ್ನೂ ಕಂಡೆ. ಆಮೇಲೆ ಕಾಲು ಅಗಲಿಸಿಕೊಂಡು, ಒದ್ದೆ ಧೋತರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಲು ಬೇಲಿಯ ಕಡೆ ಓಡಿದೆ.